ಅಂಟಕ್ಕ ನೆಕ್ಕಿ ನೋಡಿದ ಅಂಟು

"ನನ್ನ ಅಂಟು ಒಂದು ಸಲ ಹಿಡಿದದ್ದನ್ನ ಬಿಟ್ಟ ಉದಾಹರಣೆ ಈ ಭೂಮಿ ಮೇಲಿಲ್ಲ" ಎಂದು ಅಂಟಕ್ಕ ಹೇಳುತ್ತಿದ್ದರು. ಹೇಳುತ್ತಿದ್ದರು ಎಂದರೆ ಸಾಲದು, ಸಾರುತ್ತಿದ್ದರು. ಮೆಟ್ಟಿಲ ಮೇಲೆ ಸಿಕ್ಕವರಿಗೆ, ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರಿಗೆ, ಯಾರದೋ ಮನೆಯ ವಿಳಾಸ ಕೇಳಲು ಬಂದ ಅಪರಿಚಿತರಿಗೂ ಸಾರುತ್ತಿದ್ದರು. ಅವರ ಮಾತನ್ನು ನಂಬುವುದಾದರೆ, ಅವರು ಹಳೆಯ ಪೇಪರಿನಿಂದ ಮಾಡಿಕೊಟ್ಟ ಚೀಲದಲ್ಲಿ ಪಕ್ಕದ ಮನೆಯವರು ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಮೇಲಿನ ಮಹಡಿ ಹತ್ತಿದ್ದರು. ಅವರು ಹಿಡಿ ಅಂಟಿಸಿಕೊಟ್ಟ ಪಿಂಗಾಣಿ ಕಪ್ಪು ಕೆಳಗೆ ಬಿದ್ದಾಗ ಕಪ್ಪು ಚೂರುಚೂರಾಯಿತು, ಹಿಡಿ ಮಾತ್ರ ತನ್ನ ಪಾಲಿನ ಚೂರನ್ನು ಕಚ್ಚಿಕೊಂಡು ಹಾಗೇ ಕೂತಿತ್ತು. ಚಂದ್ರನೇನಾದರೂ ಬಿರುಕು ಬಿಟ್ಟರೆ ಮೇಲಿನ ದೇವತೆಗಳು ಮೊದಲು ಕರೆಸುವುದು ತನ್ನನ್ನೇ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅಂಟಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಾರ್ಖಾನೆ ಇಟ್ಟದ್ದು. ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯ ಉದ್ದನೆಯ ಮೇಜಿನ ಮುಂದೆ ಕೂತು, ಮೈದಾ ಅಂಟಿನ ಬಕೆಟ್ಟಿಗೆ ಕುಂಚ ಅದ್ದಿ, ಅವರು ಅಂಟಿಸಿದ ಚಪ್ಪಲಿ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ವಿಮಾನಗಳು ಸುತ್ತಿ ಬಳಸಿ ಹೋಗಬೇಕಾಗುತ್ತಿತ್ತು. ಅಲ್ಲಿನ ಅಂಟು ನೀಲಿಯಾಗಿರುತ್ತಿತ್ತು. ಹುಳ ಹಿಡಿಯದಿರಲಿ ಎಂದು ಅದಕ್ಕೆ ಮೈಲುತುತ್ತು ಬೆರೆಸುತ್ತಿದ್ದರು, ಅದು ವಿಷ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಹೆಂಗಸರು ಕೂಸುಗಳನ್ನು ಜೊತೆಗೇ ತಂದು ಮೇಜಿನ ಕೆಳಗೆ ಆಡಲು ಬಿಡುತ್ತಿದ್ದರು. ಒಂದು ದಿನ ಅಂಟಕ್ಕನ ಮಗಳು ಬಕೆಟ್ಟಿನ ಅಂಚಿಗೆ ಬೆರಳು ಒರೆಸಿ ಬಾಯಿಗಿಟ್ಟುಕೊಂಡಳು. ಮಗು ಉಳಿಯಿತು. ಈಗ ಬೇರೆ ಊರಿನಲ್ಲಿದ್ದುಕೊಂಡು ಫೋನಿನಲ್ಲಿ ಅಮ್ಮನನ್ನು ಗದರಿಸುವಷ್ಟು ಗಟ್ಟಿಮುಟ್ಟಾಗಿದ್ದಾಳೆ. ಆದರೆ ಅಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಅಂಟಕ್ಕ, ತನ್ನ ಕೈಯಲ್ಲಿ ಕಲಸುವ ಅಂಟಿಗೆ ಇನ್ನು ಮುಂದೆ ಮೈಲುತುತ್ತು ಬೀಳಕೂಡದು ಎಂದು ನಿಶ್ಚಯಿಸಿಬಿಟ್ಟರು. ಬರೀ ಮೈದಾ, ನೀರು, ಸಣ್ಣ ಉರಿ. ಹುಳ ಬಂದರೆ ಬರಲಿ.

ಆಮೇಲೆ ಕಾರ್ಖಾನೆಗೆ ಯಂತ್ರ ಬಂತು. ಮೇಜಿನ ಮುಂದೆ ಕೂತಿದ್ದವರನ್ನೆಲ್ಲ ಎದ್ದು ಹೋಗಿ ಎಂದರು. ಎದ್ದು ಬಂದರು.

ಮನೆಯಲ್ಲಿ ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಅವರಿದ್ದ ವಸತಿ ಕಟ್ಟಡದ ನೆಲಮಹಡಿಯಲ್ಲಿ, ನೀರಿನ ಪಂಪನ್ನು ಹೊರಗೆ ಸಾಗಿಸಿದ ಮೇಲೆ ಖಾಲಿ ಬಿದ್ದಿದ್ದ ಕೋಣೆಯೊಂದಿತ್ತು. ಕಾಲು ಮುರಿದ ಕುರ್ಚಿಗಳು, ಯಾರೂ ತನ್ನದೆನ್ನದ ಸೈಕಲ್ಲು, ಡೈನೊಸಾರ್ ಕಾಲದ ಜೇಡರಬಲೆ. ಅಂಟಕ್ಕ ಗುಡಿಸಿ, ಸುಣ್ಣ ಬಳಿದು, ಅದೇ ಕುರ್ಚಿಗಳಿಗೆ ಕಾಲು ಕೂಡಿಸಿ, ಶನಿವಾರ ಶನಿವಾರ ಕಟ್ಟಡದ ಮಕ್ಕಳನ್ನೆಲ್ಲ ಅಲ್ಲಿ ಕೂರಿಸಿಕೊಂಡರು. ಜೋಡಿ ಕಳೆದುಕೊಂಡ ಕಾಲುಚೀಲ ಅಲ್ಲಿ ಗೊಂಬೆಯಾಗುತ್ತಿತ್ತು. ಹರಿದ ಅಂಗಿ ಕಾಲೊರೆಸಾಗುತ್ತಿತ್ತು. ಹಳೆಯ ಪೇಪರು ಸುರುಳಿ ಸುತ್ತಿಸಿಕೊಂಡು ಬುಟ್ಟಿಯಾಗುತ್ತಿತ್ತು. ಕಿತ್ತಳೆ ಸಿಪ್ಪೆ ಸಕ್ಕರೆ ಪಾಕದಲ್ಲಿ ಬೆಂದು ಮಿಠಾಯಿಯಾಗುತ್ತಿತ್ತು. ಹಳೆಯ ಬಾಣಲೆಗೆ ಮರಳು ತುಂಬಿ, ಮೇಲೆ ತಟ್ಟೆ ಇಟ್ಟು, ಮುಚ್ಚಳ ಮುಚ್ಚಿದರೆ ಅದೇ ಬಿಸ್ಕತ್ತಿನ ಒಲೆ. ಕಟ್ಟಳೆ ಒಂದೇ: ಅಂಗಡಿಯಿಂದ ಸಿದ್ಧವಾಗಿ ಕೊಂಡು ತಂದದ್ದು ಬಾಗಿಲಿನಿಂದಾಚೆ ಇರಬೇಕು. ಕೋಣೆಯ ಬೀಗದ ಕೈಯನ್ನು, ಹಾಲಿನ ಕವರು ಸೀಳಿ ತಾವೇ ಹೆಣೆದ ದಾರದಲ್ಲಿ ಪೋಣಿಸಿ, ಅಂಟಕ್ಕ ಕೊರಳಿಗೆ ಹಾಕಿಕೊಂಡಿದ್ದರು.

ಆ ಕೋಣೆಯ ಮೇಲೆ ಸೆಕ್ರೆಟರಿಯ ಕಣ್ಣು ಬಿತ್ತು.

ಸೆಕ್ರೆಟರಿ ಎಂದರೆ ಕಟ್ಟಡದ ಸಂಘದ ಕಾರ್ಯದರ್ಶಿ. ಸಭ್ಯ ಮನುಷ್ಯ. ಆಗತಾನೇ ಹೊಸ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡಿದ್ದರು. ಅದು ಎಷ್ಟು ಬೆಳ್ಳಗಿತ್ತೆಂದರೆ, ಕರೆಂಟು ಹೋದಾಗ ಅವರು ನಕ್ಕರೆ ನೆರೆಹೊರೆಯವರು ಆ ಬೆಳಕಿನಲ್ಲಿ ಅಕ್ಕಿ ಆರಿಸಬಹುದಿತ್ತು. ಒಂದು ಬೆಳಿಗ್ಗೆ ಅವರು ಒಬ್ಬ ಮೇಡಮ್ಮನ ಜೊತೆ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

"ಇವರು ಮಕ್ಕಳಿಗೆ ಕ್ರಾಫ್ಟ್ ಕಿಟ್ ಮಾಡೋ ಕಂಪನಿಯೋರು. ಎಲ್ಲಾ ರೆಡಿ ಇರುತ್ತಂತೆ ಅಮ್ಮ. ಕತ್ತರಿಸೋದಿಲ್ಲ, ಕಲಸೋದಿಲ್ಲ. ತಿಂಡಿ ಕೂಡ ಪ್ಯಾಕೆಟ್ಟಲ್ಲೇ. ಕೋಣೆಗೆ ಗಾಜಿನ ಬಾಗಿಲು ಹಾಕಿಸಿಕೊಡ್ತಾರೆ, ಏಸಿ ಹಾಕಿಸ್ತಾರೆ."

ಅಂಟಕ್ಕ ಕಾಲುಚೀಲವೊಂದಕ್ಕೆ ಗುಂಡಿಯ ಕಣ್ಣು ಹೊಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಕತ್ತರಿಸೋದಿಲ್ಲ, ಕಲಸೋದಿಲ್ಲ. ಹಾಗಾದ್ರೆ ಮಕ್ಕಳು ಬಂದು ಮಾಡೋದೇನು?"

"ನಂಬರ್ ನೋಡಿ ಜೋಡಿಸೋದು ಅಕ್ಕ" ಎಂದರು ಕಿಟ್ ಮೇಡಂ, ಮರ್ಯಾದೆಯಿಂದಲೇ. "ತಪ್ಪಾಗೋ ಚಾನ್ಸೇ ಇಲ್ಲ."

"ಅಯ್ಯೋ ಪಾಪ" ಎಂದರು ಅಂಟಕ್ಕ. "ತಪ್ಪೇ ಮಾಡದೆ ಕಲಿಯೋದು ಹೇಗಮ್ಮ?"

ಸೆಕ್ರೆಟರಿ ಹೊಸ ಹಲ್ಲು ತೋರಿಸಿದರು. "ಜಗಳ ಯಾಕೆ. ವರ್ಷದ ಸಭೆಗೆ ಎಲ್ಲರೂ ಟೆರೇಸಿಗೆ ಬರ್ತಾರೆ. ನೀವೊಂದು ಮೇಜು ಹಾಕಿ, ಇವರೊಂದು ಮೇಜು ಹಾಕ್ಲಿ. ಜನ ನೋಡಿ ಕೈ ಎತ್ಲಿ. ಸೋತ್ರೆ ಬೀಗದ ಕೈ ಕೊಟ್ಟುಬಿಡಿ."

"ಒಂದು ಸಲ ಯಂತ್ರ ಬಂದು ಏಳು ಅಂದಾಗ ಎದ್ದು ಬಂದಿದೀನಿ ಸಾರ್" ಎಂದರು ಅಂಟಕ್ಕ, ಹಲ್ಲಿನಿಂದ ದಾರ ಕಚ್ಚಿ ಕತ್ತರಿಸುತ್ತ. "ಈ ಸಲ ಏಳಲ್ಲ. ಕುರ್ಚಿ ಸಮೇತ ಎತ್ಕೊಂಡು ಹೋಗ್ಬೇಕು. ಕುರ್ಚಿ ಅಂಟಿಸಿರೋದು ಯಾರು ಅಂತ ನೆನಪಿಟ್ಕೊಳ್ಳಿ."

ಸಭೆಗೆಂದು ಅವರು ಯೋಚಿಸಿದ್ದು ಎರಡು ಐಟಂ. ಒಂದು, ಪೇಪರಿನ ಲಾಂದ್ರಗಳನ್ನು ಒಂದರ ಮೇಲೊಂದು ಅಂಟಿಸಿದ ಗೋಪುರ. ಲೆಕ್ಕಕ್ಕೆ ಅದು ಆಳೆತ್ತರ, ಅವರ ಬಾಯಲ್ಲಿ ಮಾತ್ರ ದಿನೇ ದಿನೇ ಬೆಳೆಯುತ್ತಿತ್ತು. ಇನ್ನೊಂದು, ಎರಡು ಬಿಸ್ಕತ್ತಿನ ನಡುವೆ ನಿಂಬೆ ಪಾಕ ಹಚ್ಚಿ ಕೂಡಿಸಿದ ಜೋಡಿ ಬಿಸ್ಕತ್ತು. ಈ ನಿಂಬೆ ಪಾಕವೆಂದರೆ ಸಕ್ಕರೆ, ನಿಂಬೆರಸ, ಗಟ್ಟಿಯಾಗಲು ಒಂದಿಷ್ಟು ಮೈದಾ. ಬಣ್ಣದಲ್ಲಿ, ಹದದಲ್ಲಿ, ಅಂಟಿಗೂ ಅದಕ್ಕೂ ಅಣ್ಣತಮ್ಮಂದಿರಷ್ಟು ಹೋಲಿಕೆ. ಎರಡೂ ಒಂದೇ ಥರದ ಹಾಲಿನ ಪುಡಿ ಡಬ್ಬಿಯಲ್ಲಿರುತ್ತಿದ್ದವು. ಡಬ್ಬಿಯ ಮೇಲೆ ಹೆಸರು ಬರೆಯಿರಿ ಎಂದರೆ ಅಂಟಕ್ಕ ಮೂಗು ಮುರಿಯುತ್ತಿದ್ದರು. ಅವರ ಪದ್ಧತಿ ನೇರ: ಬೆರಳು ಅದ್ದು, ನೆಕ್ಕು. ಸಿಹಿಯಿದ್ದರೆ ಪಾಕ, ಸಪ್ಪೆಯಿದ್ದರೆ ಅಂಟು. ಮೈಲುತುತ್ತು ಹಾಕದ ಅಂಟನ್ನು ನೆಕ್ಕಲು ಭಯವೇಕೆ?

ಸಭೆಯ ದಿನ ಬೆಳಿಗ್ಗೆ ಅಂಟಕ್ಕನ ಮೂಗು ಕಟ್ಟಿತ್ತು. ಅಂಥಿಂಥ ನೆಗಡಿಯಲ್ಲ. ಅವರು ಸೀನಿದ ರಭಸಕ್ಕೆ ಗೋಡೆ ಗಡಿಯಾರ ಹತ್ತು ನಿಮಿಷ ಮುಂದಕ್ಕೆ ಹೋಯಿತು. ನಾಲಿಗೆ ಸತ್ತು ಸುಣ್ಣವಾಗಿತ್ತು.

ಅವರ ಯಜಮಾನರು ನಿವೃತ್ತ ಬಸ್ ಕಂಡಕ್ಟರ್. ಕಾಫಿ ಲೋಟ ಹಿಡಿದು ಬಾಗಿಲಿಗೊರಗಿ ನೋಡುತ್ತಿದ್ದರು.

"ಏನೇ, ಮೂಗು ಪೂರ್ತಿ ಹೌಸ್‌ಫುಲ್ ಆದ ಹಾಗಿದೆ. ನಾನು ರುಚಿ ನೋಡಿ ಹೇಳ್ಲಾ?"

"ನೀವಾ? ಟಿಕೆಟ್ ಹರಿಯೋಕೆ ಬೆರಳು ನೆಕ್ಕಿ ನೆಕ್ಕಿ ನಿಮ್ಮ ನಾಲಿಗೆ ಸತ್ತು ಎಷ್ಟು ಕಾಲ ಆಯ್ತು. ನಿನ್ನೆ ಉಪ್ಪಿಲ್ಲದ ಸಾರು ಉಂಡು ಬೇಷ್ ಅಂದ್ರಲ್ಲ."

"ಅದು ಹೆದರಿಕೆಗೆ ಅಂದಿದ್ದು."

"ನನಗೆ ನೆಗಡಿಯೂ ಇಲ್ಲ ಗಿಗಡಿಯೂ ಇಲ್ಲ. ದಾರಿ ಬಿಡಿ."

ಅಂಟಕ್ಕ ಮೊದಲ ಡಬ್ಬಿಗೆ ಬೆರಳು ಅದ್ದಿ ನೆಕ್ಕಿದರು. ಸಪ್ಪೆ. "ಇದು ಅಂಟು" ಎಂದು ಲಾಂದ್ರಗಳ ಕಡೆಗಿಟ್ಟರು. ಹಾಗಾದರೆ ಇನ್ನೊಂದು ಪಾಕವೇ ಇರಬೇಕಲ್ಲ, ನೆಕ್ಕುವುದೇಕೆ ಎಂದು ಅದನ್ನು ಬಿಸ್ಕತ್ತಿನ ಕಡೆ ತಳ್ಳಿದರು. ಮಧ್ಯಾಹ್ನದ ಹೊತ್ತಿಗೆ ಗೋಪುರ ನಿಂತಿತು, ಬಿಸ್ಕತ್ತು ಜೋಡಿಯಾಯಿತು. ಮಕ್ಕಳೆಲ್ಲ ಸೇರಿ ಎರಡನ್ನೂ ಟೆರೇಸಿಗೆ ಹೊತ್ತುಕೊಂಡು ಹೋದರು. ಉಳಿದ ಅಂಟು, ಪಾಕದ ಡಬ್ಬಿಗಳೂ ಚಮಚದ ಸಮೇತ ಅಲ್ಲಿನ ಮೇಜಿನ ಕೆಳಗೆ ಸೇರಿದವು.

ಟೆರೇಸಿನಲ್ಲಿ ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಒಂದು ಕಡೆ ಕಿಟ್ ಮೇಡಮ್ಮನ ಮೇಜು, ಬಣ್ಣಬಣ್ಣದ ಡಬ್ಬಿಗಳು, ಹೊಳೆಯುವ ಪ್ಯಾಕೆಟ್ಟುಗಳು. ಇನ್ನೊಂದು ಕಡೆ ಅಂಟಕ್ಕನ ಗೋಪುರ. ಜನ ಗೋಪುರದ ಕಡೆಗೇ ವಾಲಿದರು. ಸೆಕ್ರೆಟರಿ ಕೂಡ ಒಂದು ಜೋಡಿ ಬಿಸ್ಕತ್ತು ಕೈಗೆತ್ತಿಕೊಂಡು, ಗೋಪುರದ ಪಕ್ಕದಲ್ಲೇ ನಿಂತು ಭಾಷಣ ಶುರುಮಾಡಿದರು.

ಮೊದಲು ಬಂದದ್ದು ಒಂದು ಇರುವೆ. ಅದು ಹೋಗಿ ನೆಂಟರಿಗೆ ಹೇಳಿತು. ನೆಂಟರು ನೆಂಟರ ನೆಂಟರಿಗೆ ಹೇಳಿದರು. ಭಾಷಣ ಅರ್ಧಕ್ಕೆ ಬರುವಷ್ಟರಲ್ಲಿ ಆ ಪೇಟೆಯ ಇರುವೆಗಳೆಲ್ಲ ಮಕ್ಕಳುಮರಿ ಸಮೇತ ಮನೆಗೆ ಬೀಗ ಹಾಕಿಕೊಂಡು ಗೋಪುರ ಹತ್ತುತ್ತಿದ್ದವು. ಬಿಸಿಲಿಗೆ ಪಾಕ ಕರಗಿತು. ತುದಿಯ ಲಾಂದ್ರ ಒಮ್ಮೆ ಓಲಾಡಿತು, ಆಮೇಲೆ ಮೆಲ್ಲಗೆ ಸೆಕ್ರೆಟರಿಯ ತಲೆಯ ಮೇಲೆ ಟೋಪಿಯ ಹಾಗೆ ಕೂತಿತು. ಅದರ ಹಿಂದೆ ಉಳಿದವೂ ಒಂದೊಂದಾಗಿ ಇಳಿದು ಬಂದವು.

ಅಂಟಕ್ಕ ನಿಂತಲ್ಲೇ ನಿಂತರು. ಬೆರಳನ್ನು ಮೂಸಿದರು, ಏನೂ ತಿಳಿಯಲಿಲ್ಲ. ಇರುವೆಗಳನ್ನು ನೋಡಿದರು, ಎಲ್ಲವೂ ತಿಳಿಯಿತು.

"ಪಾಕ" ಎಂದರು ತಮ್ಮಷ್ಟಕ್ಕೆ. "ಅಂದ್ರೆ ಬಿಸ್ಕತ್ತಲ್ಲಿ..."

ಅಷ್ಟರಲ್ಲಿ ಸೆಕ್ರೆಟರಿ, ಮುಜುಗರ ಮುಚ್ಚಿಕೊಳ್ಳಲು, ಲಾಂದ್ರದ ಟೋಪಿಯಲ್ಲೇ ಬಿಸ್ಕತ್ತನ್ನು ಬಲವಾಗಿ ಕಚ್ಚಿದರು. ಬಿಸಿಲಿಗೆ ಬಿಗಿದು ಕೂತಿದ್ದ ಅಂಟು ಅವರ ಹೊಸ ಹಲ್ಲನ್ನು ಹಿಡಿದುಕೊಂಡಿತು. ಅವರು ಎಳೆದರು. ಅದೂ ಎಳೆಯಿತು. ಕೊನೆಗೆ ಬಿಸ್ಕತ್ತು ಬಾಯಿಂದ ಹೊರಬಂದಾಗ ಮೇಲಿನ ಸಾಲಿನ ಹಲ್ಲೆಲ್ಲ ಅದರ ಜೊತೆಗೇ ಹೊರಟು ಬಂದಿದ್ದವು.

ಯಾರೂ ನಗಲಿಲ್ಲ. ಯಾಕೆಂದರೆ ಅದೇ ಗಳಿಗೆಯಲ್ಲಿ, ಎರಡನೇ ಮಹಡಿಯ ಬೈಂಡಿಂಗ್ ಮಾಮ, ಜೀವಮಾನವೆಲ್ಲ ಪುಸ್ತಕಕ್ಕೆ ರಟ್ಟು ಹಾಕಿದವರು, ತಮ್ಮ ಕೈಯಲ್ಲಿದ್ದ ಅರ್ಧ ಬಿಸ್ಕತ್ತನ್ನು ಬಿಡಿಸಿ ನೋಡಿ ಮುಖ ಬಿಳಿಚಿಕೊಂಡರು.

"ಇದು ಅಂಟು. ಅಂಟಿಗೆ ಮೈಲುತುತ್ತು ಹಾಕಿರ್ತಾರೆ. ಯಾರೂ ತಿನ್ಬೇಡಿ, ಉಗೀರಿ."

ಟೆರೇಸಿನ ತುಂಬ ಉಗಿಯುವ ಸದ್ದು. ತಾಯಂದಿರು ಮಕ್ಕಳ ಬಾಯಿಗೆ ಬೆರಳು ಹಾಕತೊಡಗಿದರು. ಒಬ್ಬರು ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟರು, ಬಿಸ್ಕತ್ತು ತಿಂದಿರದಿದ್ದರೂ. ಮೂಲೆಯಲ್ಲಿ ಒಂದು ಪುಟ್ಟ ಹುಡುಗಿ ಅಂಟಿದ ಬೆರಳನ್ನು ಇನ್ನೂ ಚೀಪುತ್ತಲೇ ಇದ್ದಳು.

ಆ ಬೆರಳನ್ನು ನೋಡಿದ್ದೇ ತಡ, ಅಂಟಕ್ಕ ಮೇಜಿನ ಕೆಳಗೆ ಬಗ್ಗಿ, ಇರುವೆ ಮುತ್ತದೆ ಉಳಿದಿದ್ದ ಅಂಟಿನ ಡಬ್ಬಿ ಎತ್ತಿಕೊಂಡರು. ಕುರ್ಚಿ ಹತ್ತಿ ನಿಂತರು. ಚಮಚ ಅದ್ದಿ ಒಂದು ತುತ್ತು ಬಾಯಿಗಿಟ್ಟರು. ನುಂಗಿದರು. ಇನ್ನೊಂದು. ಮತ್ತೊಂದು. ಗೋಡೆಗೆ ಗಿಲಾಯಿ ಮಾಡುವ ಮೇಸ್ತ್ರಿಯ ಹಾಗೆ ನಿಧಾನವಾಗಿ, ಮೂಲೆ ಬಿಡದೆ, ತಳ ಕೆರೆದು ತಿಂದರು. ಉಗಿಯುವುದು ನಿಂತಿತು. ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ತಲೆಕೆಳಗಾಗಿ ಹಿಡಿದರು.

"ನನ್ನ ಅಂಟಲ್ಲಿ ಮೈಲುತುತ್ತು ಇಲ್ಲ. ಮಕ್ಕಳು ಬೆರಳು ನೆಕ್ಕುತ್ವೆ. ನನ್ನ ಮಗಳೇ ನೆಕ್ಕಿತ್ತು. ಅವತ್ತಿಂದ ಹಾಕಿಲ್ಲ. ಡಬ್ಬಿ ಅದಲುಬದಲಾಗಿದ್ದು ನನ್ನ ತಪ್ಪು, ನೆಗಡಿ ಆಗಿತ್ತು. ಬೆಳಿಗ್ಗೆ ಒಪ್ಕೊಂಡಿರ್ಲಿಲ್ಲ, ಈಗ ಒಪ್ಕೋತೀನಿ. ಆದ್ರೆ ತಪ್ಪಾದ್ರೂ ಸಾಯದೇ ಇರೋ ಹಾಗೆ ಮಾಡಿಟ್ಟಿದ್ದೆ." ಆಮೇಲೆ ಪಕ್ಕಕ್ಕೆ ತಿರುಗಿದರು. "ಮೇಡಂ, ನಿಮ್ಮ ಡಬ್ಬೀಲೂ ಅಂಟಿನ ಟ್ಯೂಬ್ ಇದೆಯಲ್ಲ. ಒಂದು ಚಮಚ ತಿಂತೀರಾ?"

ಕಿಟ್ ಮೇಡಂ ಟ್ಯೂಬಿನ ಮೇಲಿನ ಇರುವೆಗಿಂತ ಸಣ್ಣ ಅಕ್ಷರಗಳನ್ನು ಓದಿದರು. ಟ್ಯೂಬನ್ನು ಡಬ್ಬಿಯೊಳಗೆ ಇಟ್ಟರು.

"ಬೇಡ ಅಕ್ಕ" ಎಂದು ನಕ್ಕರು. "ನನಗೆ ಬೇರೆ ಯಾವುದಾದ್ರೂ ಕೋಣೆ ಸಿಗುತ್ತೆ."

"ಹಾಗೆಲ್ಲ ಬಿಟ್ಟುಹೋಗೋ ಹಾಗಿಲ್ಲ" ಎಂದರು ಯಜಮಾನರು, ಜನರ ನಡುವೆ ನುಗ್ಗುತ್ತ. ಎಷ್ಟೋ ವರ್ಷದ ಮೇಲೆ ಅವರ ಹಳೆಯ ದನಿ ಮರಳಿ ಬಂದಿತ್ತು. "ಕೈ ಎತ್ತೋದು ಬಾಕಿ ಇದೆ. ಕೋಣೆ ನಮ್ಮವಳಿಗೇ ಇರ್ಲಿ ಅನ್ನೋರು ಕೈ ಎತ್ತಿ. ಎತ್ತಿದೋರು ಎತ್ತಿಕೊಂಡೇ ಇರಿ. ಹಿಂದಿನೋರು ಮುಂದೆ ಬನ್ನಿ, ಬಾಗಿಲಲ್ಲಿ ನಿಲ್ಬೇಡಿ."

ಕೈಗಳು ಎದ್ದವು. ಕೆಲವರ ಕೈಯಲ್ಲಿ ಬಿಸ್ಕತ್ತು ಅಂಟಿಕೊಂಡೇ ಇತ್ತು. ಬೈಂಡಿಂಗ್ ಮಾಮ ಎರಡೂ ಕೈ ಎತ್ತಿದರು. ಹುಡುಕಿದರೂ ಎತ್ತದೆ ಉಳಿದವರು ಹೆಚ್ಚು ಸಿಗಲಿಲ್ಲ.

"ರೈಟ್" ಎಂದರು ಯಜಮಾನರು.

ಸೆಕ್ರೆಟರಿಗೆ ಮಾತ್ರ ಈ ತೀರ್ಪು ಗಂಟಲಲ್ಲಿ ಇಳಿಯಲಿಲ್ಲ. ತಲೆಯ ಮೇಲೆ ಲಾಂದ್ರ, ಒಂದು ಕೈಯಲ್ಲಿ ಬಾಯಿಗೆ ಅಡ್ಡ ಹಿಡಿದ ಕರವಸ್ತ್ರ, ಇನ್ನೊಂದು ಕೈಯಲ್ಲಿ ಹಲ್ಲು ನೆಟ್ಟ ಬಿಸ್ಕತ್ತು. ಬಾಯಿ ತೆರೆದರೆ ಮಾತಿಗಿಂತ ಗಾಳಿಯೇ ಹೆಚ್ಚು ಬರುತ್ತಿತ್ತು. ಆದರೂ ಕುರ್ಚಿಯ ಮುಂದೆ ಬಂದು ನಿಂತರು.

"ಅಲ್ಲಮ್ಮ, ನನ್ನ ಅಂಟು ಹಿಡಿದದ್ದು ಬಿಡೋದೇ ಇಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ರಿ. ಗೋಪುರ ಎಲ್ಲರ ಕಣ್ಣೆದುರಿಗೇ ಬಿತ್ತು. ಯಾವ ಮುಖ ಇಟ್ಕೊಂಡು ಕೋಣೆ ಕೇಳ್ತೀರಿ? ಬೀಗದ ಕೈ ಕೊಡಿ."

ಅಂಟಕ್ಕ ಕುರ್ಚಿಯಿಂದ ಇಳಿದರು. ಕೊರಳಿನ ದಾರ ತೆಗೆದು ಬೀಗದ ಕೈಯನ್ನು ಅವರ ಮೂಗಿನ ಮುಂದೆ ಹಿಡಿದರು.

"ಗೋಪುರಕ್ಕೆ ಹಚ್ಚಿದ್ದು ಪಾಕ ಸಾರ್. ಅಂಟು ಇರೋದು ನಿಮ್ಮ ಕೈಲಿ. ಆ ಹಲ್ಲು ಬಿಡಿಸಿ ತೋರಿಸಿ, ತಗೊಂಡು ಹೋಗಿ."