ಟೇಪಜ್ಜಿ ಒಳಗೆ ಬಿಟ್ಟ ಬಟ್ಟೆ

ಟೇಪಜ್ಜಿ ಹೊಲಿದ ಅಂಗಿಯನ್ನು ತಿರುಗಿಸಿ ಒಳಗಡೆ ನೋಡಬೇಕು. ಹೊರಗಿನ ಅಂದಚೆಂದ ಯಾವ ದರ್ಜಿಯಾದರೂ ಮಾಡಿಯಾನು. ಪಕ್ಕದ ಹೊಲಿಗೆಯ ಆಚೆ ಮೂರು ಬೆರಳು ಬಟ್ಟೆ ಮಡಚಿಕೊಂಡು ಕೂತಿರುತ್ತದಲ್ಲ, ಅದು ಅವಳ ಕೈಚಳಕ. ಮದುವೆಯ ನಿಲುವಂಗಿ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. "ಟೇಪಜ್ಜಿ ಹತ್ರ ಒಂದ್ಸಲ ಹೊಲಿಸಿದ್ರೆ ಮುಗೀತು, ಹುಡುಗಿ ಬೆಳೆದ ಹಾಗೆ ಅಂಗೀನೂ ಬೆಳೆಯುತ್ತೆ" ಎಂದು ಬೀದಿಯಲ್ಲಿ ಎಲ್ಲರೂ ಹೇಳುತ್ತಿದ್ದರು.

ಹುಡುಗಿ ಬೆಳೆದ ಹಾಗೆ! ನಲವತ್ತು ವರ್ಷ ಈ ಮಾತು ಆಡಿದರು, ಅಜ್ಜಿಯೂ ನಕ್ಕು ತಲೆಯಾಡಿಸಿದಳು. ಮದುವೆಗೆ ನಿಂತವಳು ಇನ್ನೂ ಯಾಕೆ ಬೆಳೆಯುತ್ತಾಳೆ ಎಂದು ಒಬ್ಬ ಮಹಾರಾಯನೂ ಕೇಳಲಿಲ್ಲ. ಅವಳ ಜನರಲ್ಲಿ ಹುಡುಗಿಗೆ ಹನ್ನೆರಡು ಹದಿಮೂರು ಆಯಿತೆಂದರೆ ಮದುವೆ. ತಾತ ಮುತ್ತಾತಂದಿರ ಕಾಲದಿಂದ ಹಾಗೇ ನಡೆದಿತ್ತು, ಅದರಲ್ಲಿ ಕೇಳುವುದಕ್ಕೆ ಏನಿದೆ ಎಂದು ಅಜ್ಜಿಯೂ ಅಂದುಕೊಂಡಿದ್ದಳು.

ಮಹಡಿ ಮೆಟ್ಟಿಲ ಕೆಳಗಿನ ಒಂದು ಕೋಣೆ ಅವಳ ಅಂಗಡಿ. ಕಾಲಲ್ಲಿ ತುಳಿಯುವ ಮೆಷಿನ್ನು, ಮೂಲೆ ಒಡೆದ ಕನ್ನಡಿ, ಯಾರೂ ಎರವಲು ಒಯ್ಯದಿರಲೆಂದು ಮೇಜಿಗೆ ಹಗ್ಗ ಹಾಕಿ ಕಟ್ಟಿದ ಕತ್ತರಿ. ಕೊರಳಲ್ಲಿ ಸದಾ ಟೇಪು. ಸ್ನಾನಕ್ಕೆ ಹೋದಾಗಲೂ ತೆಗೆಯುವುದಿಲ್ಲ ಎಂದು ಬೀದಿಯವರ ತಮಾಷೆ. ಮೇಜಿನ ಖಾನೆಯಲ್ಲಿ ದಪ್ಪನೆಯ ಅಳತೆ ಪುಸ್ತಕ. ಒಬ್ಬೊಬ್ಬ ಮದುಮಗಳಿಗೆ ಒಂದೊಂದು ಪುಟ: ಹೆಸರು, ತಾರೀಖು, ಎದೆ, ಸೊಂಟ, ತೋಳು, ಉದ್ದ.

ಶಾಲೆ ಬಿಟ್ಟ ಮೇಲೆ ಮೊಮ್ಮಗಳು ಬಂದು ಬಾಬಿನ್ನಿಗೆ ದಾರ ಸುತ್ತಿಕೊಡುತ್ತಿದ್ದಳು. ಸುತ್ತುವುದಕ್ಕಿಂತ ಸಿಕ್ಕು ಮಾಡುವುದೇ ಹೆಚ್ಚು. ಅಜ್ಜಿ ಒಂದು ತೋಳು ಹೊಲಿದು ಮುಗಿಸುವುದರೊಳಗೆ ಬೀದಿಗೆ ಎರಡು ಸುತ್ತು ಓಡಿ ಬರುತ್ತೇನೆಂದು ಪಂದ್ಯ ಕಟ್ಟಿ, ಏದುಸಿರು ಬಿಡುತ್ತಾ ಬಂದು, ಮೊಣಕಾಲಿನ ಹಕ್ಕಳೆ ಕೀಳುತ್ತಾ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಅಜ್ಜಿಯ ಮಗಳು, ಎಂದರೆ ಈ ಹುಡುಗಿಯ ತಾಯಿ, ಬಟ್ಟೆಯ ಗಂಟು ತಂದು ಮೇಜಿನ ಮೇಲಿಟ್ಟಳು.

"ಸಂಬಂಧ ಕುದುರಿತಮ್ಮ. ಅವಳ ಅಳತೆ ತಗೋ. ಮುಂದಿನ ತಿಂಗಳೇ ಮದುವೆ."

"ಹನ್ನೆರಡು ತುಂಬಿ ನಾಕು ತಿಂಗಳು ಕಣೇ ಅದಕ್ಕೆ."

"ನನಗೆಷ್ಟಾಗಿತ್ತು? ನೀನೇ ತಾನೇ ಹೊಲಿದು ಕೊಟ್ಟಿದ್ದು? ನಾನೇನು ಸತ್ತೋದ್ನಾ?"

ಸತ್ತಿರಲಿಲ್ಲ, ನಿಜ. ನಾಲ್ಕು ಜನರ ಮುಂದೆ ಹಾಕಿಕೊಳ್ಳಲು ಅವಳಿಗಿದ್ದದ್ದು ಆ ಮದುವೆಯ ಅಂಗಿ ಒಂದೇ. ಅದು ನಾಲ್ಕು ವರ್ಷದಲ್ಲಿ ಮೂರು ಸಲ ಹೊಲಿಗೆ ಬಿಚ್ಚಿಸಿಕೊಳ್ಳಲು ಅಂಗಡಿಗೆ ಬಂದಿತ್ತು. ಮಗಳೇನೂ ಎತ್ತರವಾಗಿರಲಿಲ್ಲ, ಪ್ರತಿ ಸಲವೂ ಹೊಟ್ಟೆ ಮುಂದೆ ಬಂದಿತ್ತು. ಮೊದಲಿನ ಎರಡು ಕೂಸು ಕಣ್ಣು ಬಿಡಲೇ ಇಲ್ಲ. ಮೂರನೆಯದು ಈ ಓಡುವ ಹುಡುಗಿ. ಅಜ್ಜಿ ಇದನ್ನೆಲ್ಲ ಹೇಳಲು ಬಾಯಿ ತೆರೆದಳು. ಮಗಳು ಅಷ್ಟರಲ್ಲಿ ಹೊಸ್ತಿಲು ದಾಟಿ ಹೋಗಿದ್ದಳು.

ಮಾರನೆಯ ದಿನ ಅಜ್ಜಿ ಅಂಗಡಿಗೆ ಬೀಗ ಹಾಕಿ ಮಕ್ಕಳ ರಕ್ಷಣೆಯ ಕಚೇರಿಗೆ ಹೋದಳು. ಅಲ್ಲಿನ ಅಧಿಕಾರಿ ಮೇಡಂ ಬೇರೆ ಜನ, ಬೇರೆ ಊರಿನ ಕಡೆಯವರು. ನಾಲ್ಕು ವರ್ಷದ ಹಿಂದೆ ತಮ್ಮ ಮದುವೆಗೆ ಟೇಪಜ್ಜಿಯ ಕೈಯಲ್ಲೇ ನಿಲುವಂಗಿ ಹೊಲಿಸಿದ್ದರು. ಅವರ ಕುರ್ಚಿಯ ಹಿಂದೆ ಎಲ್ಲ ದೇಶದ ಮಕ್ಕಳು ಕೈ ಕೈ ಹಿಡಿದು ನಿಂತ ದೊಡ್ಡ ಚಿತ್ರವೊಂದಿತ್ತು.

ಎಲ್ಲವನ್ನೂ ಕೇಳಿಸಿಕೊಂಡು ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಇದು ನಿಮ್ಮ ಜನರ ಸಂಪ್ರದಾಯ ಅಜ್ಜಿ. ಅದಕ್ಕೆ ನಾವು ಗೌರವ ಕೊಡಬೇಕು. ಹೋದ ಸಲ ತಲೆ ಹಾಕಿದ್ದಕ್ಕೆ ದೊಡ್ಡ ಗಲಾಟೆ ಆಯ್ತು. ಮೇಲಿನವರು ಸುಮ್ಮನಿರಿ ಅಂದಿದಾರೆ."

"ನಿಮ್ಮ ಮದುವೆ ಇಪ್ಪತ್ತೊಂಬತ್ತಕ್ಕೆ ಆಯ್ತಲ್ಲ ಮೇಡಂ, ಅದು ನಿಮ್ಮ ಜನರ ಸಂಪ್ರದಾಯನಾ?"

"ಇಲ್ಲ ಅಜ್ಜಿ. ಆಗ ನನಗೆ ಬೇಕನ್ನಿಸ್ತು, ಆದೆ."

"ನನ್ನ ಮೊಮ್ಮಗಳಿಗೂ ಅಷ್ಟೇ ಸಾಕು ಮೇಡಂ. ಬೇಕನ್ನಿಸೋವರೆಗೂ ಬಿಟ್ಟುಬಿಡಲಿ."

ಮೇಡಂ ಕಿಟಕಿಯ ಕಡೆ ನೋಡಿದರು. "ಮನೆಯವರೇ ದೂರು ಕೊಟ್ರೆ ಬರಬಹುದು. ಆದರೆ ಯಾರ ಮೇಲೆ ಕೊಡ್ತೀರಿ? ಮದುವೆ ಮಾಡಿಸೋರೆಲ್ಲ ಜೈಲಿಗೆ ಹೋಗ್ತಾರೆ. ನಿಮ್ಮ ಮಗಳನ್ನ ಕಳಿಸ್ತೀರಾ?"

ಅಜ್ಜಿಗೆ ಇದ್ದವಳೊಬ್ಬಳೇ ಮಗಳು. ಮೊಮ್ಮಗಳನ್ನು ಉಳಿಸಿಕೊಳ್ಳಲು ಅವಳನ್ನು ಜೈಲಿಗೆ ಹಾಕಿಸುವುದೇ? ಅಜ್ಜಿ ಎದ್ದು ಬಂದಳು.

ಅಂಗಡಿಯಲ್ಲಿ ಮೊಮ್ಮಗಳು ಕಾದಿದ್ದಳು. ಇಷ್ಟು ಹೊತ್ತಿಗೆ ಅವಳಿಗೂ ಗೊತ್ತಾಗಿತ್ತು.

"ಅಜ್ಜಿ, ನೀನು ಹೊಲಿಯಲ್ಲ ಅಂದ್ರೆ ಮದುವೆ ನಿಲ್ಲುತ್ತಾ?"

"ನಾನಲ್ಲದಿದ್ರೆ ಇನ್ನೊಬ್ಬರು ಹೊಲೀತಾರೆ ಪುಟ್ಟಿ. ನಾನೇ ಹೊಲೀತೀನಿ. ಮದುವೆ ನಿಲ್ಲೋ ಹಾಗೆ ಹೊಲೀತೀನಿ."

"ನಿಜವಾಗ್ಲೂ?"

"ನಿಜವಾಗ್ಲೂ ಕಣೇ."

ಅಜ್ಜಿಯ ತಲೆಯಲ್ಲಿದ್ದದ್ದು ಇಷ್ಟೇ. ಇಷ್ಟು ವರ್ಷ ಮಕ್ಕಳ ಮೈಗೆ ಸರಿಯಾಗಿ ಹೊಲಿದುಕೊಟ್ಟು, ಅವರನ್ನು ಹೆಂಗಸರಂತೆ ಕಾಣಿಸಿದ್ದೇ ತಪ್ಪಾಯಿತು. ಒಂದೇ ಒಂದು ಸಲ ನಿಜವಾದ ಹೆಂಗಸಿನ ಅಳತೆಗೆ ಹೊಲಿದರೆ, ಅದರೊಳಗೆ ಮುಳುಗಿದ ಕೂಸನ್ನು ನೆರೆದ ಜನ ಕಣ್ಣಾರೆ ಕಂಡರೆ, ಯಾರಾದರೂ ಒಬ್ಬರಿಗೆ ನಾಚಿಕೆಯಾಗದೆ ಇದ್ದೀತೇ? ಪುಸ್ತಕ ತೆಗೆದಳು. ಹೊಸ ಪುಟದಲ್ಲಿ ಮೊಮ್ಮಗಳ ಹೆಸರು ಬರೆದಳು. ಕೆಳಗೆ, ಹಿಂದಿನ ಪುಟಗಳಲ್ಲಿ ಹುಡುಕಿ, ಮೇಡಂ ಅಳತೆಯನ್ನು ಅಂಕಿ ತಪ್ಪದೆ ಇಳಿಸಿದಳು. ಇಪ್ಪತ್ತಾರಿರಬೇಕಾದ ಎದೆ ಮೂವತ್ತಾರಾಯಿತು. ಒಳಗೆ ಎಳೆಯಷ್ಟೂ ಬಟ್ಟೆ ಬಿಡಲಿಲ್ಲ.

ಮದುವೆಯ ದಿನ ಬೆಳಿಗ್ಗೆ, ಹೆಂಗಸರು ತುಂಬಿದ ಕೋಣೆಯಲ್ಲಿ ಹುಡುಗಿಗೆ ಅಂಗಿ ತೊಡಿಸಿದರು. ಭುಜ ಜಾರಿ ಮೊಣಕೈಗೆ ಬಂತು. ತೋಳಿನ ತುದಿಯಲ್ಲಿ ಬೆರಳು ಕಾಣಲಿಲ್ಲ. ನೆಲದ ಮೇಲೆ ಒಂದು ಮೊಳ ಬಟ್ಟೆ ರಾಶಿ ಬಿತ್ತು. ಹೆಂಗಸರೆಲ್ಲ ತಿರುಗಿ ನೋಡಿದರು. ಅಜ್ಜಿ ಗೋಡೆಗೆ ಒರಗಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಹೇಳಿ, ಯಾರಾದರೂ ಹೇಳಿ ಎಂದು ಮನಸ್ಸಿನಲ್ಲೇ ಬೇಡಿದಳು.

ವರನ ಸೋದರತ್ತೆ ಅಂಗಿಯ ಪಕ್ಕವನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದಳು. ಅವಳ ಮುಖ ಅರಳಿತು.

"ಅಬ್ಬಾ, ಅಜ್ಜಿಯ ಪ್ರೀತಿ ನೋಡ್ರೇ! ಬೇರೆಯವರಿಗೆ ಮೂರು ಬೆರಳು ಬಿಟ್ಟರೆ, ಮೊಮ್ಮಗಳಿಗೆ ಹತ್ತು ವರ್ಷಕ್ಕಾಗೋಷ್ಟು ಬಿಟ್ಟಿದಾರೆ."

ಕೋಣೆಯೆಲ್ಲ ನಕ್ಕಿತು. ಮಗಳ ಕಣ್ಣಲ್ಲಿ ಹೆಮ್ಮೆಯ ನೀರು. "ಅಮ್ಮಾ, ಪಿನ್ನು ನೀನೇ ಹಾಕು. ನಿನ್ನ ಕೈ ಅಚ್ಚುಕಟ್ಟು" ಎಂದಳು.

ಹಾಕಲಾರೆ ಎಂದು ಕಿರುಚಬೇಕಿತ್ತು. ಅಜ್ಜಿ ಕಿರುಚಲಿಲ್ಲ. ನಲವತ್ತು ವರ್ಷ ಹೇಳಿದ ಹಾಗೆ ಕೇಳಿದ ಕೈ, ತಾನಾಗಿಯೇ ಡಬ್ಬಿ ತೆರೆಯಿತು. ಬೆನ್ನಿಗೆ, ಭುಜಕ್ಕೆ, ಸೊಂಟಕ್ಕೆ ಒಂದೊಂದೇ ಪಿನ್ನು ಚುಚ್ಚಿ ಬಟ್ಟೆಯನ್ನು ಹುಡುಗಿಯ ಮೈಗೆ ತಂದಳು. ಕೊನೆಯ ಪಿನ್ನು ಹಾಕುವಾಗ ಮೊಮ್ಮಗಳು ಅವಳ ಕಿವಿಗೆ ಬಾಯಿ ತಂದು, "ನಿಲ್ಲಿಸ್ತೀನಿ ಅಂದಿದ್ದೆಯಲ್ಲ ಅಜ್ಜಿ" ಎಂದಳು. ಆಮೇಲೆ ಅವಳನ್ನು ಕರೆದುಕೊಂಡು ಹೋದರು.

ವಾರ ಕಳೆದು ಅಜ್ಜಿ ಅಂಗಡಿ ತೆರೆದ ದಿನವೇ ಒಬ್ಬ ತಾಯಿ ಮಗಳ ಕೈ ಹಿಡಿದು ಬಂದಳು. ಹುಡುಗಿಗೆ ಹನ್ನೊಂದು ಇರಬಹುದು. ಬಂದವಳೇ ಕತ್ತರಿಯ ಹಗ್ಗದ ಜೊತೆ ಆಡತೊಡಗಿದಳು.

"ನಿಮ್ಮ ಮೊಮ್ಮಗಳಿಗೆ ಹೊಲಿದ್ರಲ್ಲ ಅಜ್ಜಿ, ಇವಳಿಗೂ ಅದೇ ಥರ ಹೊಲೀರಿ. ಈಗ ಎಲ್ಲರೂ ಅದನ್ನೇ ಕೇಳ್ತಿದಾರೆ."

ಅಜ್ಜಿ ಕೊರಳಿನ ಟೇಪು ತೆಗೆದು ಮೆಷಿನ್ನಿನ ಮೇಲಿಟ್ಟಳು. ಅಳತೆ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು, ತಾಯಿ ಮಗಳನ್ನು ಅಲ್ಲೇ ಬಿಟ್ಟು, ಕಚೇರಿಯ ದಾರಿ ಹಿಡಿದಳು.

ಮೇಡಂ ಮುಂದೆ ಪುಸ್ತಕ ಇಟ್ಟಳು. "ಇದರಲ್ಲಿ ವಯಸ್ಸಿಲ್ಲ ಮೇಡಂ, ಅಳತೆ ಇದೆ. ಹೆಸರು, ತಾರೀಖು ಎಲ್ಲ ಇದೆ. ಎಂಥ ಮೈಗೆ ಎಂಥ ಅಂಗಿ ಹೊಲಿದೆ ಅಂತ ನೀವೇ ನೋಡಿ."

ಮೇಡಂ ಪುಟ ಮಗುಚುತ್ತಾ ಹೋದರು. ಎದೆ ಇಪ್ಪತ್ತೈದು ಇಂಚು, ಇಪ್ಪತ್ತೇಳು, ಇಪ್ಪತ್ತಾರು. ಬರೆದಿದ್ದ ಕೊನೆಯ ಪುಟದಲ್ಲಿ ಅವರ ಕೈ ನಿಂತಿತು.

"ಇದು ನಿಮ್ಮ ಮೊಮ್ಮಗಳ ಪುಟ ಅಲ್ವಾ? ಅಳತೆ ಎಲ್ಲೋ ತಪ್ಪಾಗಿದೆ."

"ತಪ್ಪಾಗಿಲ್ಲ. ಅದು ನಿಮ್ಮ ಅಳತೆ ಮೇಡಂ. ಹನ್ನೆರಡು ವರ್ಷದ ಮಗೂಗೆ ಅದನ್ನ ಹಾಕಿ ನಿಲ್ಲಿಸಿದೆ. ಒಬ್ಬರಿಗಾದರೂ ಕಾಣುತ್ತೆ ಅಂದ್ಕೊಂಡೆ. ಯಾರಿಗೂ ಕಾಣಲಿಲ್ಲ."

ಅಜ್ಜಿ ಪುಸ್ತಕವನ್ನು ಇನ್ನಷ್ಟು ಅವರ ಕಡೆ ತಳ್ಳಿದಳು.

"ದೂರು ಯಾರ ಮೇಲೆ ಅಂದ್ರಲ್ಲ, ನನ್ನ ಮೇಲೆ ಬರ್ಕೊಳ್ಳಿ. ಇಷ್ಟೂ ಮಕ್ಕಳನ್ನ ಅಳೆದು ಹೊಲಿದು ಕಳಿಸಿದವಳು ನಾನೇ. ಜೈಲಿಗೆ ನಾನು ಹೋಗ್ತೀನಿ. ನೀವು ಇವತ್ತೇ ಹೋಗಿ ನನ್ನ ಮೊಮ್ಮಗಳನ್ನ ಕರ್ಕೊಂಡು ಬನ್ನಿ."

ಮೇಡಂ ತಮ್ಮ ಅಳತೆಯ ಮೇಲೆ ಬರೆದಿದ್ದ ಹುಡುಗಿಯ ಹೆಸರನ್ನೇ ನೋಡುತ್ತಾ ಕೂತಿದ್ದರು. ಪೆನ್ನು ಪಕ್ಕದಲ್ಲೇ ಬಿದ್ದಿತ್ತು. ಅಜ್ಜಿ ಅದರ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟಳು.