ಸಾರ್ ಬರೆದ ಶಿಫಾರಸು ಪತ್ರ

ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಂ.ಎಸ್ಸಿ.ಗೆ ಅರ್ಜಿ ಹಾಕುವಾಗ ನಾನು ಪೀಣ್ಯದಲ್ಲಿ, ಪಂಪಿನ ಶಾಫ್ಟ್ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿದ್ದೆ. ದಿನವಿಡೀ ಮೈಕ್ರೋಮೀಟರ್ ಹಿಡಿದು ಶಾಫ್ಟ್‌ಗಳ ದಪ್ಪ ಅಳೆಯುವುದು ನನ್ನ ಕೆಲಸ. ಅರ್ಜಿಗೆ ಎರಡು ಶಿಫಾರಸು ಪತ್ರ ಬೇಕಿತ್ತು. ಒಂದನ್ನು ಕಾಲೇಜಿನ ಮೇಡಂ ಕೊಟ್ಟರು. ಇನ್ನೊಂದನ್ನು ಕೆಲಸದ ಮೇಲಧಿಕಾರಿಯೇ ಕೊಡಬೇಕು. ನನ್ನ ಮೇಲಧಿಕಾರಿ ಎಂದರೆ ಕ್ವಾಲಿಟಿ ವಿಭಾಗದ ಸಾರ್. ಅವರಿಗೂ ನನಗೂ ಆಗ ಮಾತೇ ನಿಂತುಹೋಗಿತ್ತು.

ಅರ್ಧ ತಪ್ಪು ನನ್ನದೇ. ಪ್ರತಿ ಟ್ರೇಯಿಂದ ಐದು ಪೀಸು ಅಳೆದು, ಸರಿಯಿದ್ದರೆ ಇಡೀ ಟ್ರೇ ಪಾಸು ಮಾಡುವುದು ನಮ್ಮಲ್ಲಿನ ಪದ್ಧತಿ. ಸಾರ್ ಯಾವಾಗಲೂ ಮೇಲಿನ ಐದನ್ನೇ ತೆಗೆಯುತ್ತಿದ್ದರು. ಮೆಷಿನ್ ನಡೆಸುವವರಿಗೆ ಇದು ಚೆನ್ನಾಗಿ ಗೊತ್ತು. ಮಾರ್ಕೆಟ್ಟಿನಲ್ಲಿ ಟೊಮೆಟೊ ಜೋಡಿಸುವ ಹಾಗೆ ಒಳ್ಳೆಯದನ್ನೆಲ್ಲ ಆರಿಸಿ ಮೇಲಿಡುತ್ತಿದ್ದರು. ಒಂದು ದಿನ ನಾನು ಎಲ್ಲರೆದುರೇ ತಳದಿಂದ ಐದು ತೆಗೆದು ಅಳೆದೆ. ಮೂರು ರಿಜೆಕ್ಟ್.

"ಮೇಲಿಂದ ತಗೊಂಡ್ರೆ ಅವ್ರು ತೋರಿಸಿದ್ದನ್ನ ಅಷ್ಟೇ ನೋಡ್ದಂಗೆ ಸಾರ್" ಅಂದುಬಿಟ್ಟೆ. ಎಲ್ಲರೂ ಕಿಸಕ್ಕನೆ ನಕ್ಕರು. ಸಾರ್ ಮುಖ ಕೆಂಪಾಯಿತು. ನನ್ನ ಬಾಯಿಗೆ ಬೀಗವಿಲ್ಲ ಎಂದು ಅಮ್ಮ ಸುಮ್ಮನೆ ಹೇಳುವುದಿಲ್ಲ.

ಅಂಥವರ ಹತ್ತಿರವೇ ಹಲ್ಲು ಗಿಂಜಿಕೊಂಡು ಪತ್ರ ಕೇಳಿದೆ. ಅದಿಲ್ಲದಿದ್ದರೆ ಅರ್ಜಿಯೇ ಮುಂದೆ ಹೋಗದು, ಇನ್ನೊಂದು ವರ್ಷ ಕಾಯಬೇಕು. ಸಾರ್ ಪರೀಕ್ಷೆ ಮಾಡದೆ ಯಾವುದಕ್ಕೂ ಸಹಿ ಹಾಕುವವರಲ್ಲ. ಮೂರು ದಿನ ನೋಡಿ ಬರೆಯುತ್ತೇನೆ ಅಂದರು. ಮೂರು ದಿನವೂ ಬೆನ್ನ ಹಿಂದೆ ನಿಂತು, ನಾನು ಅಳೆಯುವುದನ್ನು, ರಿಜಿಸ್ಟರ್ ಬರೆಯುವುದನ್ನು, ಊಟ ಮುಗಿಸಿ ಬರುವ ಹೊತ್ತನ್ನು ಸಹ ಗಮನಿಸಿದರು. ನನಗೆ ಮೈಯೆಲ್ಲ ಉರಿಯಿತು. ಕೊನೆಯ ದಿನ ಸಂಜೆ ಪತ್ರವನ್ನು ನನಗೆ ತೋರಿಸದೆ ತಾವೇ ನೇರವಾಗಿ ಯೂನಿವರ್ಸಿಟಿಗೆ ಕಳಿಸಿ, ಮೆಟ್ರೋ ಹಿಡಿಯಲು ನಾಗಸಂದ್ರದ ಕಡೆ ನಡೆದರು. ಹೋಯಿತು ನನ್ನ ಸೀಟು ಅಂದುಕೊಂಡೆ.

ಸಂದರ್ಶನದಲ್ಲಿ ಪ್ರೊಫೆಸರ್, ಇಂಥ ಶಿಫಾರಸು ಪತ್ರವನ್ನು ತಾವು ಕಂಡೇ ಇಲ್ಲ ಎಂದು ನಗುತ್ತ ಕಾಗದವನ್ನು ನನ್ನತ್ತ ತಿರುಗಿಸಿದರು. ನೋಡಿದರೆ ನಮ್ಮ ಇನ್ಸ್‌ಪೆಕ್ಷನ್ ರಿಪೋರ್ಟಿನ ಫಾರಂ! ಪಾರ್ಟಿನ ಹೆಸರಿರಬೇಕಾದಲ್ಲಿ ನನ್ನ ಹೆಸರು. ಅಳತೆ: ಸರಿ. ರಿಜಿಸ್ಟರ್: ಸರಿ. ದೋಷ: ಮಾತು ಒರಟು, ಊಟಕ್ಕೆ ಹೋದರೆ ಬೇಗ ಬರುವುದಿಲ್ಲ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು, ನಗುವೂ ಬಂತು. ಕೆಳಗೆ ಷರಾ ಎಂಬಲ್ಲಿ ಸಾರ್ ಇಷ್ಟು ಬರೆದಿದ್ದರು:

"ಇಪ್ಪತ್ತು ವರ್ಷ ನಾನು ಮೇಲಿನ ಐದು ಪೀಸನ್ನೇ ಅಳೆದೆ. ಅದು ತಪ್ಪೆಂದು ಈ ಹುಡುಗಿ ತೋರಿಸಿದಳು. ಕೋಪ ಬಂತು. ಈಗ ತಿದ್ದಿಕೊಂಡಿದ್ದೇನೆ. ಇವಳು ಹೋದರೆ ನಮ್ಮ ವಿಭಾಗಕ್ಕೆ ಕಷ್ಟ. ದಯವಿಟ್ಟು ಸೇರಿಸಿಕೊಳ್ಳಿ."

ಆ ಸಾಲುಗಳನ್ನು ಎರಡು ಸಲ ಓದಿದೆ. ಪ್ರೊಫೆಸರ್ ಕೇಳಿದ ಮುಂದಿನ ಪ್ರಶ್ನೆಗೆ ಏನು ಉತ್ತರ ಕೊಟ್ಟೆನೋ ಇವತ್ತಿಗೂ ನೆನಪಿಲ್ಲ.

ಸೀಟು ಸಿಕ್ಕಿತು. ಮಾರನೆಯ ದಿನ ಸಾರ್ ಮುಂದೆ ನಿಂತು, ಆವತ್ತು ಎಲ್ಲರೆದುರು ಹಾಗೆ ಅನ್ನಬಾರದಿತ್ತು, ತಪ್ಪಾಯಿತು ಎಂದೆ. ಅವರು ಅಳೆಯುತ್ತಿದ್ದ ಶಾಫ್ಟನ್ನು ಕೆಳಗಿಟ್ಟರು.

"ಎಲ್ಲರ ಮುಂದೆ ಅಂದಿದ್ದಕ್ಕೇ ತಿದ್ಕೊಂಡೆ ಕಣಮ್ಮ. ಒಬ್ಳೇ ಬಂದು ಹೇಳಿದ್ರೆ ಬೈದು ಕಳಿಸ್ಬಿಡ್ತಿದ್ದೆ."