ತಪ್ಪಿನ ದೃಶ್ಯ ಒಂದೇ ಸಲಕ್ಕೆ

ಜಾಹೀರಾತು ಚಿತ್ರಗಳ ನಿರ್ಮಾಪಕಿಯಾಗುತ್ತೇನೆಂದು ಬ್ಯಾಂಕಿನ ಕೆಲಸ ಬಿಟ್ಟು ನನಗೆ ಒಂದು ವರ್ಷವಾಗಿತ್ತು. ಪಣಜಿಯ ಎರಡು ಹೋಟೆಲು, ಒಂದು ಗೋಡಂಬಿ ಅಂಗಡಿ, ಅಲ್ಲಿಯವರೆಗೆ ಸಿಕ್ಕ ಕೆಲಸ ಅಷ್ಟೇ. ಫೋನು ಸುಮ್ಮನಿದ್ದರೆ ನನಗೆ ಕೂರಲಾಗುತ್ತಿರಲಿಲ್ಲ. ಬಾಲ್ಕನಿಯಿಂದ ಅಡುಗೆಮನೆಗೆ, ಅಲ್ಲಿಂದ ಮತ್ತೆ ಬಾಲ್ಕನಿಗೆ ತಿರುಗುತ್ತಿದ್ದೆ. “ನೆಲಾ ಸವೀತದವಾ, ಒಂದ ಕಡೆ ಕುಂಡ್ರು,” ಎನ್ನುತ್ತಿದ್ದಳು ಅವ್ವ. ಧಾರವಾಡದಿಂದ ವರ್ಗವಾಗಿ ಬಂದು ಇಲ್ಲೇ ನಿವೃತ್ತರಾದ ಅಪ್ಪ ನೌಕರಿ ಖಾಲಿ ಇರುವ ಪುಟ ಮೇಲೆ ಕಾಣುವ ಹಾಗೆ ಪೇಪರು ಮಡಿಚಿ ಇಡುತ್ತಿದ್ದರು.

ಆಗ ವೆರ್ಣಾದ ಒಂದು ಕಾರ್ಖಾನೆಯವರು ಕರೆದರು. ರಟ್ಟಿನ ಪೆಟ್ಟಿಗೆ ಮಾಡುವವರು. ಹೊಸ ಕೆಲಸಗಾರರಿಗೆ ತೋರಿಸಲು ಐದು ನಿಮಿಷದ ಚಿತ್ರ ಬೇಕಿತ್ತು: ರಟ್ಟು ಕತ್ತರಿಸುವ ಯಂತ್ರದ ಮುಂದೆ ತಪ್ಪು ಹೇಗೆ ಆಗುತ್ತದೆ, ಸರಿಯಾದ ಕ್ರಮ ಯಾವುದು. ನಟಿಸಲು ಅಲ್ಲಿಯದೇ ಒಬ್ಬ ಹೆಂಗಸನ್ನು ಕೊಟ್ಟರು. ವಿಜಯಪುರದ ಕಡೆಯವಳು, ನಲವತ್ತರ ಆಸುಪಾಸು.

“ಅಕ್ಕಾ, ಮೊದಲ ತಪ್ಪ ಮಾಡಿ ತೋರಿಸ್ರಿ. ಜಾಳಿ ಹಾಕಬ್ಯಾಡ್ರಿ,” ಎಂದೆ.

ಯಂತ್ರವನ್ನು ನಿಧಾನಕ್ಕೆ ಇಟ್ಟಿದ್ದರು. ಪಕ್ಕದಲ್ಲಿ ಒಬ್ಬ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದ. ಅಕ್ಕ ಕಾವಲು ಜಾಲರಿಯನ್ನು ಮೇಲೆಯೇ ಬಿಟ್ಟು, ಅಲಗಿನ ಕೆಳಗಿಂದ ಸರಸರನೆ ರಟ್ಟು ಎಳೆದು, ಇನ್ನೊಂದು ತುರುಕಿ ತೋರಿಸಿದಳು. ಮೊದಲ ಸಲಕ್ಕೇ ದೃಶ್ಯ ಮುಗಿಯಿತು.

ಸರಿಯಾದ ಕ್ರಮಕ್ಕೆ ಎಂಟು ಸಲ ಬೇಕಾಯಿತು. ಜಾಲರಿ ಇಳಿಸಲು ಅವಳು ಮರೆಯುತ್ತಿದ್ದಳು, ನೆನಪಾದಾಗ ಅದು ತುಕ್ಕಿಗೆ ಸಿಕ್ಕಿ ಇಳಿಯುತ್ತಿರಲಿಲ್ಲ. ಕೊನೆಗೆ ಕ್ಯಾಮೆರಾ ಓಡುತ್ತಿರುವಾಗಲೇ ನನ್ನ ಕಡೆ ತಿರುಗಿದಳು.

“ಹಿಂಗ ಮಾಡಿದ್ರ ದಿನಾ ಹೇಳಿದಷ್ಟ ಮಾಲ್ ಹೊರಗ ಹೋಗಂಗಿಲ್ರಿ. ಇದನ್ನ ಯಾರ್ ಇಳಸ್ತಾರ?”

ಹಿಂದೆ ನಿಂತಿದ್ದ ಮ್ಯಾನೇಜರು, ಕಾರವಾರದವರು, ಮೆಲ್ಲಗೆ ನನ್ನ ಹತ್ತಿರ ಬಂದರು. “ಮೇಡಂ, ಆ ಮಾತು ಬೇಡ. ತೆಗೀರಿ. ಇನ್ನೂ ಮೂರು ಚಿತ್ರ ಮಾಡಿಸೋದಿದೆ.”

ತೆಗೆದೆ. ನನಗೆ ಆ ಮೂರು ಚಿತ್ರ ಬೇಕಾಗಿದ್ದವು. ಅವುಗಳಿಂದ ಔಷಧಿ ಕಂಪನಿಯ ಕೆಲಸ ಬಂತು, ಅಲ್ಲಿಂದ ಬಿಸ್ಕೀಟು, ಆಮೇಲೆ ಟೀವಿ ಜಾಹೀರಾತು. ಜನ ನನ್ನನ್ನು ಹುಡುಕಿಕೊಂಡು ಬರತೊಡಗಿದರು. ಅಪ್ಪ ಪೇಪರನ್ನು ಎಲ್ಲರ ಹಾಗೆ ಮಡಿಚತೊಡಗಿದರು. ನಾನು ಮಾತ್ರ ಶೂಟಿಂಗ್ ಇಲ್ಲದ ದಿನ ಕಂಪ್ಯೂಟರು ತೆರೆದು ಅವಳ ಮಾತಿದ್ದ ಆ ತುಣುಕನ್ನು ನೋಡುತ್ತಿದ್ದೆ, ಮುಚ್ಚುತ್ತಿದ್ದೆ, ಮತ್ತೆ ತೆರೆಯುತ್ತಿದ್ದೆ.

ಕಡೆಗೊಮ್ಮೆ ಸಂಜೆ ಕಂಪನಿ ಬಸ್ಸು ನಿಲ್ಲುವಲ್ಲಿ ಹೋಗಿ ಆ ಅಕ್ಕನನ್ನು ಹಿಡಿದೆ. ಆ ತುಣುಕನ್ನಿಟ್ಟು ಕಿರುಚಿತ್ರ ಮಾಡಲೇ ಎಂದು ಕೇಳಿದೆ.

“ಬ್ಯಾಡ್ರಿ ಬಾಯಾರ. ನನ್ನ ಮುಖಾ ಕಂಡ್ರ ನಾಳೆ ಗೇಟಿನ ಹೊರಗ ನಿಂದ್ರಬೇಕಾಗ್ತದ. ಬ್ಯಾರೇ ಯಾರನ್ನಾರ ಹಾಕ್ಕೊಂಡ ಮಾಡ್ರಿ.” ಬಸ್ಸು ಹತ್ತುವ ಮೊದಲು ಕೇಳಿದಳು, “ಆವತ್ತ ನಾ ಅಂದದ್ದ ಅವರು ತಗಸಿದ್ರೇನು?”

“ನಾನ ತಗದೆ,” ಎಂದೆ. ಅವಳು ತಲೆಯಾಡಿಸಿ ಹತ್ತಿ ಕುಳಿತಳು.

ಒಬ್ಬ ನಿರ್ದೇಶಕನನ್ನು ಗೊತ್ತುಮಾಡಿ, ಬೇರೆ ನಟಿಯನ್ನಿಟ್ಟು ಚಿತ್ರ ಮಾಡಿದೆ. ಕಾರ್ಖಾನೆ ಬೇರೆ, ಊರು ಬೇರೆ, ಕೈಗಳ ಆ ವೇಗ ಮಾತ್ರ ಅವಳದೇ. ಒಂದು ರವಿವಾರ ಚಿಂಬಲ್‌ನ ಅವಳ ಖೋಲಿಗೆ ಹೋಗಿ ಮೊದಲು ಅವಳಿಗೇ ತೋರಿಸಿದೆ. ಹನ್ನೊಂದು ನಿಮಿಷ ಅವಳು ಕದಲಲಿಲ್ಲ. ನಾನು ಮೂರು ಸಲ ಎದ್ದು ಬಾಗಿಲಿಗೆ ಹೋಗಿ ಬಂದೆ.

“ಚಲೋ ಐತ್ರಿ. ಆದ್ರ ಕಡೀಕ ಆಕಿ ಭಾಳ ಅಳತಾಳ,” ಎಂದಳು. “ಮಷೀನ್ ಲೈನಿನ್ಯಾಗ ಅಳಾಕ ಎಲ್ಲಿ ಪುರಸೊತ್ತರಿ?”

ನನಗೆ ಅತ್ಯಂತ ಇಷ್ಟವಾಗಿದ್ದ ದೃಶ್ಯ ಅದೇ. ಮರುದಿನ ಅದನ್ನು ಕಿತ್ತುಹಾಕಿದೆ. ನಿರ್ದೇಶಕ ಸಿಟ್ಟಾಗಿ ಎರಡು ವಾರ ಮಾತಾಡಲಿಲ್ಲ. ಚಿತ್ರವನ್ನು ಮೂರು ನಾಲ್ಕು ಊರುಗಳಲ್ಲಿ ತೋರಿಸಿದೆವು, ಬಹುಮಾನವೇನೂ ಬರಲಿಲ್ಲ. ಒಂದು ಪ್ರದರ್ಶನ ಅರ್ಧಕ್ಕೆ ಬಂದಿದ್ದಾಗ ಟೈಲ್ಸ್ ಜಾಹೀರಾತಿನವರ ಫೋನು ಬಂತು. ಕುಡಚಡೆಯಲ್ಲಿ ಶೂಟಿಂಗಿಗೆ ಜಾಗ ನೋಡಬೇಕಂತೆ. ಪರದೆಯ ಮೇಲೆ ಆ ಕೈಗಳು ಓಡುತ್ತಿದ್ದಂತೆಯೇ ನಾನು ಎದ್ದು ಹೊರಗೆ ಹೋಗಿ ಮಾತಾಡಿದೆ.